ತಮ್ಮನ ಐದನೆಯ ರಾಜೀನಾಮೆ

ವಾಷಿಂಗ್ಟನ್
2 ಫೆಬ್ರವರಿ 1865

ಮುದ್ದಿನ ಸೊಸೆ ಡ್ರುಸಿಲ್ಲಾ,

ನಿನ್ನ ತಂತಿ ಬಂತು. ಮಂತ್ರಿಗಿರಿ ಬಿಟ್ಟು ಓಹಾಯೊಗೆ ಬರುತ್ತೇನೆಂದು ಅಪ್ಪ ಬರೆದಿದ್ದಾರೆ, ಅವರ ಕೋಣೆಗೆ ಸುಣ್ಣ ಹೊಡೆಸಲೇ ಎಂದು ಕೇಳಿದ್ದೀಯ. ಹೊಡೆಸಬೇಡ. ನಿನ್ನಪ್ಪ ಎಲ್ಲಿಗೂ ಬರುವುದಿಲ್ಲ. ಇಲ್ಲೇ ಕೂತು, ಸಾರಿಗೆ ಉಪ್ಪು ಕಡಿಮೆ ಎಂದು ಸಿಡುಕುತ್ತಿದ್ದಾನೆ.

ರಾಜೀನಾಮೆ ಬರೆದದ್ದು ಸುಳ್ಳಲ್ಲ. ಯುದ್ಧ ಶುರುವಾದ ಮೇಲೆ ಇದು ಐದನೆಯದು. ನನ್ನ ತಮ್ಮನ ಗುಣ ನಿನಗೆ ಗೊತ್ತಿಲ್ಲದ್ದೇನಲ್ಲ. ಗುಲಾಮರ ಪರ ವಾದಿಸಲು ನಿಂತರೆ ಯಾರಿಗೂ ಜಗ್ಗುವುದಿಲ್ಲ. ಔತಣದಲ್ಲಿ ಅವನ ಕುರ್ಚಿಯನ್ನು ಸ್ವಲ್ಪ ಆಚೆ ಹಾಕಿದರೆ ಮಗುವಿನ ಹಾಗೆ ಮುನಿಸಿಕೊಳ್ಳುತ್ತಾನೆ. ಮುನಿಸು ಬಂತೆಂದರೆ ರಾಜೀನಾಮೆ. ಕೆಂಪು ಅರಗಿನ ಮುದ್ರೆ ಒತ್ತಿ, ಅಧ್ಯಕ್ಷರ ಮನೆಗೆ ತಲುಪಿಸು ಎಂದು ನನ್ನ ಕೈಗೆ ಕೊಡುತ್ತಾನೆ. ಸಂಪುಟದ ಸಭೆಯಲ್ಲಿ ಆ ಮಾತೆತ್ತುವುದಿಲ್ಲ. ತಾನಾಗಿ ಕೇಳುವುದು ಮರ್ಯಾದೆಯಲ್ಲವಂತೆ. ಮೂರು ದಿನ ಉತ್ತರಕ್ಕೆ ಕಾಯುತ್ತಾನೆ. ಬರುವುದಿಲ್ಲ. ನಾಲ್ಕನೆಯ ದಿನ ಕಾಫಿ ಕುಡಿಯುತ್ತಾ, "ನೋಡಿದ್ಯಾ ಅಕ್ಕಾ, ನನ್ನ ಬಿಟ್ಟುಕೊಡೋಕೆ ಅವರಿಗೆ ಧೈರ್ಯ ಇಲ್ಲ," ಎನ್ನುತ್ತಾನೆ. ನಾನು ಹೂಂ ಅನ್ನುತ್ತೇನೆ. ಕಚೇರಿಗೆ ಹೋಗುತ್ತಾನೆ.

ಈ ಸಲದ ಮುನಿಸಿಗೆ ಕಾರಣ, ಸಿನ್ಸಿನಾಟಿಯ ಸುಂಕದ ಕಚೇರಿಗೆ ಅಧ್ಯಕ್ಷರು ಇವನು ಹೇಳಿದವನನ್ನು ಬಿಟ್ಟು ಬೇರೆಯವನನ್ನು ಹಾಕಿದ್ದು. ಅದೂ ಯಾವಾಗ? ಕಳೆದ ಗುರುವಾರ. ಗುಲಾಮಗಿರಿಯನ್ನು ದೇಶದಿಂದಲೇ ಕಿತ್ತುಹಾಕುವ ತಿದ್ದುಪಡಿ ಮಂಗಳವಾರ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಬರುವುದಿತ್ತು. ಒಂದೊಂದು ಮತಕ್ಕೂ ಪರದಾಟ. ಪೆನ್ಸಿಲ್ವೇನಿಯದ ಟ್ರೌಟ್‌ಮನ್ ಎಂಬ ಸದಸ್ಯರನ್ನು ಒಲಿಸಿದವನು ನಿನ್ನಪ್ಪನೇ. ಆ ಮಹಾಶಯರಿಗೆ ಗುಲಾಮರಿಗಿಂತ ತಮ್ಮ ಅಳಿಯನ ಚಿಂತೆ ಹೆಚ್ಚು. ಅಳಿಯನಿಗೆ ತನ್ನ ಖಾತೆಯಲ್ಲಿ ಕೆಲಸ ಕೊಡುತ್ತೇನೆಂದು ನಿನ್ನಪ್ಪ ಮಾತು ಕೊಟ್ಟಿದ್ದ. ಖಾತೆಯನ್ನೇ ಬಿಟ್ಟು ಎದ್ದರೆ ಅಳಿಯನಿಗೆ ಕೆಲಸವೆಲ್ಲಿ, ನಮಗೆ ಮತವೆಲ್ಲಿ?

ಆ ಮತಕ್ಕಾಗಿ ಜೀವ ಕೈಯಲ್ಲಿ ಹಿಡಿದುಕೊಂಡವಳು ನಮ್ಮ ಅಡುಗೆಮನೆಯಲ್ಲೇ ಇದ್ದಳು. ಮಿನರ್ವಾ ಕೆಂಟಕಿಯಿಂದ ನದಿ ದಾಟಿ ಓಡಿಬಂದದ್ದು, ನಿನ್ನಪ್ಪ ಅವಳ ಪರ ವಾದಿಸಿ ಬಿಡಿಸಿದ್ದು, ನೀನು ಚಿಕ್ಕವಳಿದ್ದಾಗಲೇ ಕೇಳಿದ ಕಥೆ. ಅವಳ ತಂಗಿ ಫಿಲಿಸ್ ಇನ್ನೂ ಅಲ್ಲಿ ಯಾರದೋ ಸೊತ್ತು. ಕೆಂಟಕಿ ನಮ್ಮ ಕಡೆಯೇ ಉಳಿದ ರಾಜ್ಯವಾದ್ದರಿಂದ ದಂಗೆಯೆದ್ದ ರಾಜ್ಯಗಳಿಗಷ್ಟೇ ಅಧ್ಯಕ್ಷರು ಹೊರಡಿಸಿದ ಬಿಡುಗಡೆಯ ಘೋಷಣೆ ಅದನ್ನು ಮುಟ್ಟಲಿಲ್ಲ. ತಿದ್ದುಪಡಿ ಬಿದ್ದರೆ ಫಿಲಿಸ್‌ಳ ಗತಿ ಅಷ್ಟೇ.

ಈ ಸಲ ನಿನ್ನಪ್ಪ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಹೋಗಿ ಕೊಡುತ್ತೇನೆಂದು ರೇಷ್ಮೆ ಟೊಪ್ಪಿ ಹಾಕಿಕೊಂಡು ಹೊರಟ. ಊಟ ಮಾಡಿ ಹೋಗು ಎಂದೆ. ಮಳೆ ಬರುವ ಹಾಗಿದೆ ಎಂದೆ. ಕೊನೆಗೆ ಎದೆನೋವು ಎಂದು ಕುರ್ಚಿಗೆ ಒರಗಿದೆ. "ಡಾಕ್ಟರ ಮನೆ ದಾರೀಲೇ ಇದೆ, ಹೇಳಿ ಹೋಗ್ತೀನಿ," ಎಂದ.

ಆಗ ಮಿನರ್ವಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು. ಅವನನ್ನು ಅವಳು ಒಂದು ದಿನವೂ ಯಜಮಾನರೇ ಎಂದವಳಲ್ಲ. ಯಜಮಾನರ ಸಹವಾಸ ಅವಳಿಗೆ ಸಾಕಾಗಿದೆ.

"ವಕೀಲ್ರೇ, ನನಗೋಸ್ಕರ ಕೋರ್ಟಲ್ಲಿ ಐದು ಗಂಟೆ ನಿಂತಿದ್ರಲ್ಲ. ನನ್ನ ತಂಗಿಗೋಸ್ಕರ ಐದು ದಿನ ಕೂತ್ಕೊಳ್ಳೋಕಾಗಲ್ವಾ?" ಎಂದಳು.

ನಿನ್ನಪ್ಪ ಬಾಗಿಲಿನಿಂದ ಹಿಂದೆ ಸರಿದ. ಟೊಪ್ಪಿ ತೆಗೆದು ಗೂಟಕ್ಕೆ ಹಾಕಿದ. ಆದರೂ ಜಂಬ ಬಿಡಬೇಕಲ್ಲ. "ಬರೆದದ್ದು ಬರೆದಾಯ್ತು. ಹಿಂದಿನ ನಾಲ್ಕನ್ನ ಕಳಿಸಿದ ಹಾಗೇ ಇದನ್ನೂ ಕಳಿಸಿಬಿಡು, ಅಕ್ಕಾ," ಎಂದು ನನ್ನ ಕೈಗಿಟ್ಟ. ಹಾಗೆನ್ನುವಾಗ ನನ್ನ ಮುಖ ಮಾತ್ರ ನೋಡಲಿಲ್ಲ.

ಮಂಗಳವಾರ ನಾನೂ ಮಿನರ್ವಾಳೂ ಸಭೆಯ ಮೇಲಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದೆವು. ಟ್ರೌಟ್‌ಮನ್ ಎಷ್ಟು ಮೆಲ್ಲಗೆ ಹೌದು ಎಂದರೆಂದರೆ ಗುಮಾಸ್ತ ಇನ್ನೊಮ್ಮೆ ಕೇಳಬೇಕಾಯಿತು. ತಿದ್ದುಪಡಿ ಗೆದ್ದಿತು. ಜನ ಟೊಪ್ಪಿ ಎಸೆದರು. ನಿನ್ನಪ್ಪ ಎಸೆದ ರೇಷ್ಮೆ ಟೊಪ್ಪಿ ಈವರೆಗೂ ಸಿಕ್ಕಿಲ್ಲ. ಮಿನರ್ವಾ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ.

ಗಾಡಿಯಲ್ಲಿ ಅವಳು, ಇದು ಕೆಂಟಕಿಗೆ ಯಾವಾಗ ಮುಟ್ಟುತ್ತದೆ ಎಂದು ಕೇಳಿದಳು. ರಾಜ್ಯಗಳೂ ಒಪ್ಪಬೇಕು, ತಿಂಗಳುಗಳೇ ಹಿಡಿದಾವು ಎಂದ ನಿನ್ನಪ್ಪ. "ಹಾಗಾದ್ರೆ ಅಲ್ಲೀವರೆಗೂ ಕೂತಿರಿ," ಎಂದಳು.

ಈ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮತ್ತೆ ಅದೇ ಮಾತು: ಬಿಟ್ಟುಕೊಡೋಕೆ ಅವರಿಗೆ ಧೈರ್ಯ ಇಲ್ಲವಂತೆ. ನಾನು ಹೂಂ ಅಂದೆ.

ಮಕ್ಕಳಿಗೆ ಮುತ್ತು ಕೊಡು.

ನಿನ್ನ ಅತ್ತೆ,
ಕೆಜಾಯಾ

ಮರೆತಿದ್ದೆ: ಯುದ್ಧದ ದೆಸೆಯಿಂದ ಇಲ್ಲಿ ಒಳ್ಳೆಯ ಹಾಳೆ ಸಿಗುತ್ತಿಲ್ಲ. ಈ ಕೊನೆಯ ಹಾಳೆಯ ಬೆನ್ನಿಗೆ ಕೆಂಪು ಅರಗು, ಅಪ್ಪನ ಅಕ್ಷರ, "ಮಾನ್ಯ ಅಧ್ಯಕ್ಷರೇ" ಎಂದೆಲ್ಲ ಕಂಡರೆ ಗಾಬರಿಯಾಗಬೇಡ. ಓದಿ ಒಲೆಗೆ ಹಾಕು. ಹಿಂದಿನ ನಾಲ್ಕೂ ಮಿನರ್ವಾಳ ಹಿಟ್ಟಿನ ಡಬ್ಬದ ತಳದಲ್ಲಿ ಭದ್ರವಾಗಿವೆ.