ಗಾಳಿ ನೋಡದೆ ಹೊಡೆದ ಗುಂಡು

ಅಪ್ಪಾ,

ನೀವು ಹೋದ ಮೇಲೆ ನಿನ್ನೆಯೇ ಮೊದಲ ಸಲ ಮಗಳ ಜೊತೆ ಸಿನಿಮಾಕ್ಕೆ ಹೋಗಿದ್ದೆ. ನಾಯಕ ಗೋಪುರದ ಮೇಲೆ ಮಲಗಿ, ಎರಡು ಕಿಲೋಮೀಟರ್ ಆಚೆ ಓಡುವ ಕಾರಿನಲ್ಲಿದ್ದ ಖಳನ ಹಣೆಗೆ ಒಂದೇ ಗುಂಡು ನೆಟ್ಟ. ನಾಯಕನ ಕೂದಲು ಎಡಕ್ಕೆ ಹಾರುತ್ತಿತ್ತು, ಪಕ್ಕದ ಬಾವುಟ ಬಲಕ್ಕೆ. ಗುಂಡಿಗೂ ಅವನಿಗೂ ಒಳಒಪ್ಪಂದವಿದೆಯೆಂದು ನನಗೆ ಬಲವಾದ ಗುಮಾನಿ.

ಸೈನ್ಯದಲ್ಲಿ ಬಂದೂಕು ಹಿಡಿದಿದ್ದ ನೀವು ಇಂಥಲ್ಲೆಲ್ಲ ಥಿಯೇಟರಿಗೇ ಕೇಳುವಂತೆ, "ಅಯ್ಯಾ, ಗಾಳಿ ನೋಡ್ಕೊಂಡು ಹೊಡಿ" ಅನ್ನುತ್ತಿದ್ದಿರಿ. ನಾನು ನಿಮ್ಮ ಪರಿಚಯವೇ ಇಲ್ಲದವನಂತೆ ಪಾಪ್‌ಕಾರ್ನ್ ಪೊಟ್ಟಣದೊಳಗೆ ಇಣುಕುತ್ತಿದ್ದೆ. ನಿನ್ನೆ ಯಾರೂ ಹೇಳಲಿಲ್ಲ. ಕಾದು ಕಾದು ನಾನೇ ಹೇಳಿಬಿಟ್ಟೆ.

"ಅಪ್ಪಾ, ಸುಮ್ನಿರು, ಎಲ್ರೂ ನೋಡ್ತಿದಾರೆ" ಎಂದು ಮಗಳು ಒಂದು ಸೀಟು ಆಚೆ ಸರಿದು ಕೂತಳು.

ನಡುವಿನ ಖಾಲಿ ಸೀಟಿನಲ್ಲಿ ಯಾರೋ ಕೆಮ್ಮಿ ನಕ್ಕ ಹಾಗಾಯಿತು. ಅದೂ ನನ್ನ ಗುಮಾನಿಯೇ ಇರಬೇಕು.