ಮೇನ್ ಸ್ವಿಚ್ ಹಾಕಬೇಡಿರಿ

ರೀ, ಮೇನ್ ಸ್ವಿಚ್ ಹಾಕಬೇಡಿರಿ. ಅದಕ್ಕೇ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದೇನೆ. ಚಿಮಣಿ ದೀಪ ಒಲೆಯ ಹತ್ತಿರ ಇದೆ.

ನಿಮ್ಮ ಅವ್ವನಿಗೆ ಕರೆಂಟ್ ಹೊಡೆದಿದೆ. ಬಸ್ ಸ್ಟ್ಯಾಂಡ್ ಹಿಂದಿನ ದವಾಖಾನೆಯಲ್ಲಿ ಇದ್ದಾರೆ. ರಾಯಚೂರಿಗೆ ಒಯ್ಯಬೇಕಾಗಬಹುದು ಎನ್ನುತ್ತಿದ್ದಾರೆ. ಸೀರೆ, ಚಾದರ ತಗೊಂಡು ಹೋಗಲು ಬಂದಿದ್ದೆ.

ನೀವು ಹಟ್ಟಿ ಗಣಿಗೆ ಪಾಳಿಗೆ ಹೋದ ಮೇಲೆ ಸೆಪ್ಟಿಕ್ ಟ್ಯಾಂಕ್ ತುಂಬಿ ಹಿತ್ತಲೆಲ್ಲ ಹರಿಯಿತು. ಅದನ್ನು ಹೊರಗೆ ಹಾಕಲು ಅತ್ತೆ ಮೋಟರ್ ಹಾಕಿದರು. ನೀರು ಎತ್ತಲಿಲ್ಲವೆಂದು ಕಬ್ಬಿಣದ ಪೈಪ್ ಹಿಡಿದು ಅಲ್ಲಾಡಿಸಲು ಹೋದರು. ಹಿಡಿದ ಕೈ ಬಿಡಲಾಗಲಿಲ್ಲ. ನಾನು ಓಡಿಬಂದು ಮೇನ್ ಬಂದ್ ಮಾಡುವಷ್ಟರಲ್ಲಿ ಬಿದ್ದಿದ್ದರು. ಮೋಟರ್ ವೈರಿಗೆ ನೀವು ಟೇಪ್ ಸುತ್ತಿದ ಜಾಯಿಂಟ್ ಆ ಹೊಲಸು ನೀರಿನಲ್ಲಿ ಮುಳುಗಿತ್ತು. ಅರ್ಥ್ ವೈರ್ ಎಲ್ಲಿ ಎಂದು ಎಷ್ಟು ಸಲ ಕೇಳಿದೆ! "ಈಗ ಮೋಟರ್ ತಿರುಗಿದ್ರ ಸಾಕು, ಅದನ್ನ ಆಮ್ಯಾಲ ನೋಡೂಣು" ಅಂದಿರಿ.

ನಿಮ್ಮ ಕಾಲು ಹಿಡಿಯುತ್ತೇನೆ, ಈಗ ನೀವೇ ಬಿಚ್ಚಿ ಜೋಡಿಸಲು ಹೋಗಬೇಡಿರಿ. ಟ್ಯಾಂಕ್ ಹರಿದರೆ ಹರಿಯಲಿ, ವಾಸನೆ ಬಂದರೆ ಬರಲಿ. ವೈರ್‌ಮನ್ ಬಂದು ಜಾಯಿಂಟ್ ಇಲ್ಲದ ಹೊಸ ವೈರ್ ಎಳೆದು, ಅರ್ಥ್ ಕೊಡುವವರೆಗೆ ಹಿತ್ತಲ ಬಾಗಿಲನ್ನೇ ತೆರೆಯಬೇಡಿರಿ. ಪಾಯಖಾನೆಗೆ ಪಕ್ಕದ ಹುಸೇನಮ್ಮನ ಮನೆಗೆ ಹೋಗಿರಿ, ಹೇಳಿದ್ದೇನೆ.

ಅತ್ತೆ ಒಂದು ಸಲ ಕಣ್ಣು ಬಿಟ್ಟರು. ನನ್ನನ್ನು ಹತ್ತಿರ ಕರೆದು, "ನಮ್ಮ ಅಂಬಪ್ಪ ವೈರ್ ಜೋಡಿಸ್ಯಾನ ಅಂತ ಡಾಕ್ಟರ್ ಮುಂದ ಹೇಳಬ್ಯಾಡವಾ. ನನ್ನ ಕೈನ ಹಸಿ ಇತ್ತು ಅನ್ನು" ಅಂದರು. ಹಾಗೇ ಹೇಳಿದೆ. ಆಮೇಲೆ ಅವರು ಮಾತಾಡಿಲ್ಲ.

ಬಟ್ಟೆ ಬದಲಿಸುತ್ತ ನಿಲ್ಲಬೇಡಿರಿ. ಹಾಗೇ ಬನ್ನಿರಿ.

ಗದ್ದೆಮ್ಮ