ಕೊಟ್ಟಿಗೆ ಗೂಡಿನ ಬಿಳಿ ಪುಡಿ

ಶಿವಗಂಗೆ ಹತ್ತಿರದ ನಮ್ಮೂರು
4-2-2025, ಮಂಗಳವಾರ

ತಂಗಿ ಬೈರಮ್ಮನಿಗೆ,

ಐದನೇ ಕ್ಲಾಸಿಗೇ ಸ್ಲೇಟು ಎಸೆದು ಬಂದವನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಏನನ್ನಬೇಕು? ಫೋನು ಎತ್ತಿದ್ದರೆ ಈ ಕರ್ಮ ಇರುತ್ತಿರಲಿಲ್ಲ. ನೀನು ಮನೆ ಬಿಟ್ಟು ನಾಲ್ಕು ತಿಂಗಳಾಯಿತು. ಮೊಣಕಾಲು ನೋವು ಹೇಗಿದೆ? ಹೊಸಕೋಟೆಯಲ್ಲಿ ನಿನ್ನ ಮಗ ಜಯಕುಮಾರನ ಮನೆ ಮೂರನೇ ಮಹಡಿಯಂತೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಮಾತ್ರೆ ಬಿಡಬೇಡ. ಇಲ್ಲಿ ಕೆಂದಹಸು ನನ್ನನ್ನು ಒದೆಯುತ್ತದೆ. ನೀನು ಬೈದುಕೊಂಡೇ ಹಾಲು ಕರೆಯುತ್ತಿದ್ದೆ, ನಾನು ಸುಮ್ಮನೆ ಕೂತರೆ ಅದಕ್ಕೆ ಆಗಿಬರುವುದಿಲ್ಲ. ಮುದ್ದೆ ನಾನೇ ತೊಳಸುತ್ತೇನೆ, ಬರೀ ಗಂಟು. ನೀನು ಸಾಕಿದ ನನ್ನ ಮೊಮ್ಮಗಳು ಸಂಘಮಿತ್ರ ಗೊಣಗದೆ ನುಂಗುತ್ತಾಳೆ.

ಹೋದ ಶನಿವಾರ ಅವಳ ಸ್ಕೂಲಿಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನವರು ಹೆಸರು ಬರೆಯದ ಬಿಳಿ ಪುಡಿ ತಂದು, ಅದು ಏನೆಂದು ಲ್ಯಾಬಿನಲ್ಲಿ ಪತ್ತೆಹಚ್ಚಬೇಕಿತ್ತು. ಮನೆಯ ದೊಡ್ಡವರನ್ನೂ ಕರೆದಿದ್ದರು. ನಾನು ಬೇಕೆಂದೇ ಕೊಟ್ಟಿಗೆ ಗೂಡಿನ ಪೊಟ್ಟಣ ಒಯ್ದೆ. ಹಾಲಿನಲ್ಲಿ ಸೋಡಾ ಇದೆ ಎಂದು ಡೇರಿಯವರು ವಾಪಸ್ ಕಳಿಸಿದ ದಿನ ನನ್ನ ಕೈಗೆ ಸಿಕ್ಕಿತ್ತಲ್ಲ, ಅದೇ. ಹಾಲು ಒಡೆಯದಿರಲೆಂದು ನೀನೇ ಬೆರೆಸಿದೆ ಅಂತ ಡೇರಿ ಸಾಲಿನವರ ಎದುರಿಗೆ ಕೂಗಾಡಿದ್ದೆ. "ಅದು ಸೋಡಾ ಅಲ್ಲ ಕಣಣ್ಣ" ಅಂದೆ, ಅಷ್ಟೇ. ಮಾರನೇ ಬೆಳಗ್ಗೆ ನೀನು ಹೊಸಕೋಟೆ ಬಸ್ಸು ಹತ್ತಿದೆ. ನನ್ನ ಮಾತೇ ಸರಿ ಎಂದು ಲ್ಯಾಬಿನಲ್ಲಿ ತೋರಿಸಿ ನಿನಗೆ ತಿಳಿಸಬೇಕೆಂದಿದ್ದೆ.

ಸಂಘಮಿತ್ರ ಪುಡಿಗೆ ನಿಂಬೆರಸ ಹಿಂಡಿದಳು. ಸೋಡಾ ಆಗಿದ್ದರೆ ನೊರೆ ಉಕ್ಕಬೇಕಂತೆ. ಉಕ್ಕಲಿಲ್ಲ. ನಿಂಬೆಹಣ್ಣೇ ಕೆಟ್ಟಿದೆ ಎಂದೆ. ಭಾನುಪ್ರಕಾಶ್ ಮೇಷ್ಟ್ರು ಅದೇ ರಸವನ್ನು ಅಡುಗೆ ಸೋಡಾಕ್ಕೆ ಹಾಕಿಸಿದರು, ಬುಸ್ಸೆಂದಿತು. ಆಮೇಲೆ ನಮ್ಮ ಪುಡಿಗೆ ಅಯೋಡಿನ್ ಎರಡು ತೊಟ್ಟು. ನೇರಳೆಹಣ್ಣು ಹಿಸುಕಿದ ಹಾಗೆ ಕಪ್ಪಾಯಿತು. "ಇದು ಹಿಟ್ಟು ತಾತ. ಬೈರಜ್ಜಿ ಸುಳ್ಳು ಹೇಳಿರ್ಲಿಲ್ಲ" ಅಂದಳು.

ಪಕ್ಕದ ಮನೆ ಮುತ್ಯಾಲಮ್ಮನನ್ನು ಕೇಳಿದೆ. ನನ್ನ ಕಾಲು ಮುರಿದಾಗಿನಿಂದ ಶನಿವಾರ ಶನಿವಾರ ಇರುವೆಗೆ ಅಕ್ಕಿಹಿಟ್ಟು ಹಾಕುವ ಹರಕೆ ಹೊತ್ತಿದ್ದೆಯಂತೆ. ತಿನ್ನುವ ಅಕ್ಕಿಯನ್ನು ಇರುವೆಗೆ ಸುರೀತೀಯಾ ಎಂದು ನಾನು ಬೊಗಳುತ್ತೇನೆಂದು ಬಚ್ಚಿಟ್ಟಿದ್ದೆಯಂತೆ. ಬೊಗಳುತ್ತಿದ್ದೆ, ಅದು ನಿಜ. ಅವತ್ತು ಸಂಜೆ ನಾನೇ ಒಂದು ಹಿಡಿ ಹಾಕಿದೆ. ಎಷ್ಟು ಹಾಕಬೇಕೋ, ಎಲ್ಲಿ ಹಾಕಬೇಕೋ ಯಾರನ್ನು ಕೇಳಲಿ? ಕಾಲೇನೋ ನೆಟ್ಟಗಾಗಿದೆ. ಮನೆಯಲ್ಲಿ ಎದುರುತ್ತರ ಕೊಡುವವರು ಯಾರೂ ಇಲ್ಲ.

ಜಯಕುಮಾರನಿಗೂ ಸೊಸೆಗೂ ನನ್ನ ಆಶೀರ್ವಾದ ಹೇಳು.

ನಿನ್ನ ಅಣ್ಣ,
ಅಪ್ಪಯ್ಯ

ಮರೆತಿದ್ದೆ: ಹಾಲಿನಲ್ಲಿ ಸೋಡಾ ಇದ್ದದ್ದೂ ಸುಳ್ಳಲ್ಲ. ಲ್ಯಾಬಿನಲ್ಲಿ ಒಬ್ಬಳು ಗಾಜಿನ ನಳಿಕೆ ತೊಳೆಯದೆ ಎರಡನೇ ಪುಡಿ ಹಾಕಿದ್ದಕ್ಕೆ ಮೇಷ್ಟ್ರು ಬೈದರು. ಆಗ ನೆನಪಾಯಿತು. ಡೇರಿಯವರು ಹಾಲು ವಾಪಸ್ ಕಳಿಸಿದ ಹಿಂದಿನ ಸಂಜೆ ಕ್ಯಾನನ್ನು ವಾಷಿಂಗ್ ಸೋಡಾ ಹಾಕಿ ಉಜ್ಜಿದವನು ನಾನು. ಬೇಜಾರಾಗಿ ಒಂದೇ ಚೊಂಬು ನೀರು ಸುರಿದು ಬೋರಲು ಹಾಕಿದ್ದೆ. ಇವತ್ತು ಬೆಳಗ್ಗೆ ಡೇರಿ ಸಾಲಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದೇನೆ. ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಬರುತ್ತೀಯೋ ಇಲ್ಲವೋ, ಹದಿನೈದನೇ ತಾರೀಖಿನೊಳಗೆ ಉತ್ತರ ಬರಬೇಕು.